ಮೂರು ರೂಪಾಯಿ ಷೇರು, ಬಂಡೂರು ಕುರಿ

ಭಾರತೀನಗರದ ಕಾಲೇಜಿನಲ್ಲಿ ನಾನು ವಾಣಿಜ್ಯಶಾಸ್ತ್ರ ಹೇಳಿಕೊಡುತ್ತಿದ್ದೆ. ಆದರೆ ಊರಿಗೆಲ್ಲ ಷೇರು ಮೇಷ್ಟ್ರು ಅಂತಲೇ ಪರಿಚಯ. ಇಪ್ಪತ್ತೈದು ವರ್ಷ ಷೇರು ಕೊಂಡು ಮಾರಿ ಮಂಡ್ಯದಲ್ಲಿ ಮನೆ ಕಟ್ಟಿಸಿದವನಿಗೆ ಜಂಬ ಇಲ್ಲದೆ ಇರುತ್ತದೆಯೇ? ಯಾರೋ ಹೇಳಿದರು ಅಂತ ಷೇರು ಕೊಳ್ಳಬೇಡಿ, ಬ್ಯಾಲೆನ್ಸ್ ಶೀಟ್ ಓದಿ ಎಂದು ಪ್ರತಿ ವರ್ಷ ಹುಡುಗರಿಗೆ ಹೇಳುತ್ತಿದ್ದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ನಿವೃತ್ತನಾದ ಮೇಲೆ ಯಾರೋ ನನ್ನನ್ನು ಮೊಬೈಲಿನ ಒಂದು ಷೇರು ಗುಂಪಿಗೆ ಸೇರಿಸಿದರು. ಅಲ್ಲಿ ದಿನವೂ ಒಂದೇ ಕಂಪನಿಯ ಜಪ. ಮೂರು ರೂಪಾಯಿಯ ಷೇರು. ಬೆಳಿಗ್ಗೆ ಮಾರುಕಟ್ಟೆ ತೆರೆದ ಕೂಡಲೇ, ಒಂದು ದಿನಕ್ಕೆ ಎಷ್ಟು ಏರಬಹುದೋ ಅಷ್ಟೂ ಏರಿ ನಿಲ್ಲುತ್ತಿತ್ತು. ಕಂಪನಿಯ ಬ್ಯಾಲೆನ್ಸ್ ಶೀಟ್ ಓದಿದೆ. ವ್ಯಾಪಾರವೇ ಇಲ್ಲ. ಮಾಲೀಕರು ತಮ್ಮ ಪಾಲನ್ನು ಸದ್ದಿಲ್ಲದೆ ಮಾರಿಕೊಳ್ಳುತ್ತಿದ್ದರು. ಬೇಕೆಂದೇ ಬೆಲೆ ಏರಿಸಿ, ಜನ ಮುಗಿಬಿದ್ದಾಗ ಅವರ ತಲೆಗೆ ಕಟ್ಟಿ ಹೋಗುವ ಆಟ ಇದು ಅಂತ ಹತ್ತು ನಿಮಿಷದಲ್ಲಿ ತಿಳಿಯಿತು.

ತಿಳಿದೂ ಆ ಷೇರು ಕೊಂಡೆ. ಗೊತ್ತಿಲ್ಲದವರು ಮುಳುಗುತ್ತಾರೆ, ಗೊತ್ತಿರುವ ನಾನು ಅದಕ್ಕೆ ಮೊದಲೇ ಹೊರಗೆ ಬರುತ್ತೇನೆ ಎನ್ನುವ ಧಿಮಾಕು. ಷೇರು ಒಂಬತ್ತು ರೂಪಾಯಿ ಮುಟ್ಟಿತು.

ಆ ವಾರ ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಕಾಲೇಜಿನ ಹಳೆಯ ಅಟೆಂಡರ್ ಸಿಕ್ಕಿದ. ಬಂಡೂರಿನ ಕಡೆಯವನು, ಕುರಿ ಸಾಕುತ್ತಾನೆ. ಎಷ್ಟೇ ನಂಟನಾಗಿರಲಿ, ಮಾರುವವನ ಮಾತು ಕೇಳಿ ಅವನು ಕುರಿ ಕೊಂಡವನಲ್ಲ. ಬೆನ್ನಿನ ಮೇಲೆ ಕೈಯಿಟ್ಟು ಒತ್ತುತ್ತಾನೆ, ಮೂಳೆ ಕೈಗೆ ಸಿಕ್ಕಿದರೆ ಮಾತಿಲ್ಲದೆ ಎದ್ದು ಹೋಗುತ್ತಾನೆ. ಹಿಂದೆ ನನ್ನ ಮಾತು ಕೇಳಿ ಒಂದೆರಡು ಒಳ್ಳೆಯ ಷೇರು ಕೊಂಡು ನಾಲ್ಕು ಕಾಸು ಕಂಡಿದ್ದ. ಮೂರು ರೂಪಾಯಿ ಷೇರಿನ ಸುದ್ದಿ ಅವನಿಗೂ ಮುಟ್ಟಿತ್ತು.

"ಕುರಿ ಆದ್ರೆ ನಾನೇ ಒತ್ ನೋಡ್ತಿದ್ದೆ. ಇದ್ರ ಬೆನ್ನ ನೀವ್ ನೋಡಿದ್ದೀರಾ ಸಾ?"

"ನೋಡಿದ್ದೀನಿ. ನಾನೂ ತಗೊಂಡಿದ್ದೀನಿ" ಅಂದೆ.

ಎರಡೂ ಸುಳ್ಳಲ್ಲ. ಒತ್ತಿದಾಗ ಬರೀ ಮೂಳೆ ಸಿಕ್ಕಿತು ಅನ್ನುವುದನ್ನು ಮಾತ್ರ ಹೇಳಲಿಲ್ಲ. ಯಾಕೆ ಅಂತ ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇನ್ನೂ ಜನ ಬರುತ್ತಿದ್ದಾರೆ, ಇನ್ನೂ ಏರುತ್ತದೆ ಅಂತ ಅವನ ಎದುರು ನಿಂತೇ ನನ್ನ ಮನಸ್ಸು ಹಿಗ್ಗಿತ್ತು. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಅವನು ಹನ್ನೆರಡು ಕುರಿ ಮಾರಿದ. ತಗಡಿನ ಮನೆ ಕಿತ್ತು ತಾರಸಿ ಹಾಕಿಸಲು ಇಟ್ಟುಕೊಂಡಿದ್ದ ಕುರಿಗಳು ಅವು. ಅಷ್ಟನ್ನೂ ಆ ಷೇರಿಗೆ ಹಾಕಿದ. ಮುಂದಿನ ವಾರ ಏರಿದಂತೆಯೇ ಇಳಿಯತೊಡಗಿತು. ಬೆಳಿಗ್ಗೆ ಒಂಬತ್ತೂಕಾಲಿಗೆ ಮಾರಲು ಕೂರುತ್ತಿದ್ದೆ, ಕೊಳ್ಳುವವನೇ ಇಲ್ಲ. ಮೊದಲೇ ಹೊರಗೆ ಬರುವ ಜಾಣರು ನನಗಿಂತ ಮೊದಲೇ ಬಂದಾಗಿತ್ತು. ಷೇರು ನಲವತ್ತು ಪೈಸೆಗೆ ನಿಂತಿತು.

ಎರಡು ತಿಂಗಳು ಅವನ ಫೋನ್ ಎತ್ತಲಿಲ್ಲ. ಕೊನೆಗೆ ನಿಜ ಹೇಳಿಬಿಡೋಣ ಅಂತ ಗಟ್ಟಿಮನಸ್ಸು ಮಾಡಿ ಅವನ ಊರಿಗೆ ಹೋದೆ. ಕೊಟ್ಟಿಗೆಯಲ್ಲಿ ಒಂದೇ ಒಂದು ಕುರಿ ಇತ್ತು. ಅವನ ಹೆಂಡತಿ ಕಾಫಿ ತಂದಿಟ್ಟು ಹೇಳಿದಳು. "ಮೇಷ್ಟ್ರು ನೋಡವ್ರೆ ಅಂತ ಕುರಿ ಎಲ್ಲಾ ಮಾರ್ಬುಟ್ರು ಕಣ್ ಸಾ."

"ಸುಮ್ಕಿರಮ್ಮಿ" ಅಂತ ಅವನು ಅವಳನ್ನು ತಡೆದ. "ಅವ್ರೂ ಕಳ್ಕಂಡವ್ರೆ. ಅಷ್ಟ್ ಓದಿರೋ ಅವ್ರಿಗೇ ಗೊತ್ತಾಗ್ನಿಲ್ಲ, ನಮ್ಗೆಲ್ಲಿ ಗೊತ್ತಾದದು? ಅಲ್ವಾ ಸಾ?"

ಹೇಳಲು ಬಂದ ಮಾತು ನಾಲಿಗೆಯ ಮೇಲೆಯೇ ಇತ್ತು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೂಂ, ನನಗೂ ಗೊತ್ತಾಗಲಿಲ್ಲ ಕಣಪ್ಪ" ಅಂದೆ.

"ಓಗ್ಲಿ ಬುಡಿ ಸಾ, ಮನಸ್ಗೆ ಅಚ್ಕಬ್ಯಾಡಿ" ಅಂದಳು ಅವನ ಹೆಂಡತಿ. ಬಸ್ಸು ಬರುವವರೆಗೂ ಅವನು ನನ್ನ ಪಕ್ಕದಲ್ಲಿ ನಿಂತು ಸಮಾಧಾನ ಹೇಳುತ್ತಲೇ ಇದ್ದ.