ಕುಂಕುಮ ಇಟ್ಟ ಮದರ್‌ಬೋರ್ಡ್

ದೀಪಗಳು ಬಂದವು. ಕೆಂಪು, ನೀಲಿ, ಹಸಿರು, ನೇರಳೆ... ಒಂದರ ಬೆನ್ನಿಗೊಂದು ಅಲೆಅಲೆಯಾಗಿ ಇಡೀ ಮದರ್‌ಬೋರ್ಡಿನ ಮೇಲೆ ಹರಿದವು.

ಮಾನಿಟರ್ ಮಾತ್ರ ಕಪ್ಪು. ಅಮಾವಾಸ್ಯೆಯ ಕಪ್ಪು!

ಭಾನುವಾರ ಬೆಳಗ್ಗೆ, ಯಡಿಯೂರಿನ ನಮ್ಮ ಮನೆಯ ಊಟದ ಮೇಜಿನ ಮುಂದೆ ನಾನು ನಿಂತಿದ್ದ ಭಂಗಿಯನ್ನು ನೀವು ನೋಡಬೇಕಿತ್ತು. ರಾಜ್ಯ ಕಳೆದುಕೊಂಡ ದೊರೆಯೂ ಹಾಗೆ ನಿಂತಿರಲಾರ.

ಬೋರ್ಡ್ ನನ್ನದಲ್ಲ. ಅದೇ ಸಂಕಟ.

ಬಿಟಿಎಂ ಲೇಔಟಿನ ಪಿಜಿಯಲ್ಲಿರುವ ಗೆಳೆಯ ಚೇತನನದು. ವರ್ಷಗಟ್ಟಲೆ ಒಬ್ಬನೇ ಕೂತು ಒಂದು ಗೇಮ್ ಮಾಡಿದ್ದಾನೆ. ಬರುವ ಶುಕ್ರವಾರ ಅದನ್ನು ಒಂದು ಸ್ಟುಡಿಯೋದವರಿಗೆ ಓಡಿಸಿ ತೋರಿಸಬೇಕು.

ಅವನ ಹಳೆಯ ಕಂಪ್ಯೂಟರಿನಲ್ಲಿ ಅದು ತೆವಳುವುದೂ ಇಲ್ಲ. ಬೈಕ್ ಮಾರಿ ಹೊಸ ಪಿಸಿಗೆ ಬೇಕಾದದ್ದನ್ನೆಲ್ಲ ತಂದ. ಅದರಲ್ಲಿ ಈ ಬೋರ್ಡೇ ಮಹಾರಾಜ.

ಇಂಥ ಸಾಮಾನುಗಳನ್ನು ಪರೀಕ್ಷಿಸಿ ವಿಡಿಯೋ ಹಾಕುವ ನನ್ನ ಹುಚ್ಚು ನಿಮಗೆಲ್ಲ ಗೊತ್ತು. ಶನಿವಾರ ಎಲ್ಲವನ್ನೂ ತಂದು ನನ್ನ ಮುಂದಿಟ್ಟ.

"ಮಗಾ, ಬರೀ ಲೈಟ್ ನೋಡಿ ಮರುಳಾಗ್ಬಿಟ್ನಾ ಅಂತ ಡೌಟು. ನೀನು ಟೆಸ್ಟ್ ಮಾಡಿ ಹೇಳು. ಬೇಡ ಅಂದ್ರೆ ಅಂಗಡಿಯವ್ರು ವಾಪಸ್ ತಗೋತಾರಂತೆ, ಒಂದು ಗೀರೂ ಬಿದ್ದಿರ್ಬಾರ್ದು ಅಷ್ಟೆ."

"ಗೀರಾ? ನನ್ನ ಕೈಲಾ?" ಎಂದು ಗರ್ಜಿಸಿದೆ.

"ಕೂಗ್ಬೇಡ ಗುರು, ಪಕ್ಕದ್ಮನೆ ಆಂಟಿ ಕಿಟಕಿ ತೆಗೆದ್ರು."

ಡೌಟಿಗೆ ಕಾರಣವೇ ಇರಲಿಲ್ಲ. ಕೈಯಲ್ಲಿ ಹಿಡಿದರೆ ಗದೆಯ ಭಾರ. ಬಿಸಿಯನ್ನು ಹೀರಿಕೊಳ್ಳಲು ದಪ್ಪ ಲೋಹದ ಕವಚ, ಅಂಚಿನುದ್ದಕ್ಕೂ ದೀಪ, ಒಂದೊಂದು ಮೂಲೆಗೂ ಬೇಕಾದ ಬಣ್ಣ ಕೊಡುವ ಸೌಲಭ್ಯ. ಇಟ್ಟುಕೋ ಕಣೋ ಎಂದು ಆಗಲೇ ಹೇಳಿ ಮುಗಿಸಬಹುದಿತ್ತು...

ಆದರೆ ನಾನು ಬೆಳೆದದ್ದು ನಾಟಕದ ಕಂಪನಿಯ ಪರದೆಯ ಹಿಂದೆ. ಅಪ್ಪ ರಾಜಪಾರ್ಟು. ಅಮ್ಮ ಬಣ್ಣದ ಕೋಣೆಯಲ್ಲಿ ಎಲ್ಲರ ಹಣೆಗೂ ತಿಲಕ ತಿದ್ದುತ್ತಿದ್ದವಳು. ರಂಗಪೂಜೆಯಾಗದೆ ಪರದೆ ಏಳುವುದುಂಟೇ?

ಕ್ಯಾಮೆರಾ ಆನ್ ಮಾಡಿದೆ. ಅಮ್ಮ ಕುಂಕುಮವನ್ನು ನೀರಿನಲ್ಲಿ ಕಲಸಿಕೊಂಡು ತಟ್ಟೆ ಹಿಡಿದು ಬಂದಳು. ಬೋರ್ಡಿನ ಡಬ್ಬಿಗೆ ಒಂದು ಬೊಟ್ಟು ಇಡಮ್ಮ ಎಂದು ಮೊದಲೇ ಹೇಳಿದ್ದೆ.

ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಎನ್ನುತ್ತಾರೆ. ಒಳಗೆ ಕೂದಲಿಗಿಂತ ತೆಳ್ಳಗಿನ ಸಾವಿರಾರು ಪಿನ್‌ಗಳು. ಅದಕ್ಕೇ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಪ್ರೊಸೆಸರ್ ಕೂರಿಸುವವರೆಗೆ ಅದನ್ನು ತೆಗೆಯಬಾರದು.

ನಾನು ತೆಗೆದೆ. "ಪರದೆ ಸರಿಯಲಿ!" ಎಂದು ಕ್ಯಾಮೆರಾಗೆ ಅಬ್ಬರಿಸುತ್ತಾ ತೆಗೆದೆ.

ತಿರುಗಿ ನೋಡಿದರೆ ಅಮ್ಮನ ಬೆರಳು ಸಾಕೆಟ್ಟಿನ ನಟ್ಟನಡುವೆ.

"ಅಯ್ಯೋ, ಅಲ್ಲಲ್ಲಮ್ಮಾ!"

"ಖಾಲಿ ಇತ್ತಲ್ಲೋ. ಹಣೆ ಥರ ಕಾಣಿಸ್ತು."

ಅಲ್ಲಿಗೆ ನಿಲ್ಲಿಸಿ ತಿಳಿದವರನ್ನು ಕೇಳಬೇಕಿತ್ತು. ಹೆಗಲ ಮೇಲಿನ ಟವೆಲ್ಲಿನ ತುದಿಯಿಂದ ಒರೆಸಿಬಿಟ್ಟೆ. ಕೆಂಪು ಹೋಯಿತು. ಶುದ್ಧವಾಯಿತು ಎಂದುಕೊಂಡು ಪ್ರೊಸೆಸರ್ ಕೂರಿಸಿ, ಉಳಿದದ್ದನ್ನೆಲ್ಲ ಜೋಡಿಸಿ ಸ್ವಿಚ್ ಒತ್ತಿದೆ.

"ನೋಡಿದ್ಯಾ, ಪೂಜೆ ಮಾಡಿದ್ದಕ್ಕೆ ಹೆಂಗೆ ಹೊಳೀತಿದೆ!" ಅಮ್ಮ ದೀಪಗಳಿಗೆ ನೆಟಿಗೆ ಮುರಿದಳು.

ಮಾನಿಟರಿನಲ್ಲಿ ಏನೂ ಬರಲಿಲ್ಲ. ಕೇಬಲ್ ಬದಲಿಸಿದೆ, ರ‍್ಯಾಮ್ ಬದಲಿಸಿದೆ, ಮನೆದೇವರಿಗೆ ಮುಡಿಪು ಕಟ್ಟಿದೆ. ಕೊನೆಗೆ ಪ್ರೊಸೆಸರ್ ಎತ್ತಿ ಮೊಬೈಲ್ ಟಾರ್ಚಿನಲ್ಲಿ ನೋಡಿದರೆ... ಒಂದು ಸಾಲಿನ ಪಿನ್‌ಗಳು ಹಳೆಯ ಬಾಚಣಿಗೆಯ ಹಲ್ಲುಗಳ ಹಾಗೆ ಅಡ್ಡಾದಿಡ್ಡಿ ಮಲಗಿವೆ. ನಡುವೆ ಟವೆಲ್ಲಿನದೊಂದು ಎಳೆ.

ಅಂಗಡಿಗೆ ಫೋನ್ ಮಾಡಿದೆ. "ಪಿನ್ ಬೆಂಡ್ ಆಗಿದ್ರೆ ವಾಪಸ್ಸೂ ಇಲ್ಲ, ವಾರಂಟೀನೂ ಬರಲ್ಲ ಸಾರ್." ನನ್ನ ಸಂಭಾಷಣೆ ಶುರುವಾಗುವ ಮೊದಲೇ ಫೋನ್ ಇಟ್ಟುಬಿಟ್ಟರು.

ಪ್ರೊಸೆಸರನ್ನು ಮತ್ತೆ ಕೂರಿಸಿ, ಕೊನೆಯ ಆಸೆಯಿಂದ ಸ್ವಿಚ್ ಒತ್ತಿದೆ. ಅದೇ ದೀಪ, ಅದೇ ಕತ್ತಲೆ. ಅಷ್ಟರಲ್ಲಿ ಬಸ್ ಇಳಿದು ಚೇತನ ಒಳಗೆ ಬರುತ್ತಾನೆ.

"ಯಪ್ಪಾ! ಸಖತ್ ಗುರು! ಮದುವೆ ಛತ್ರ ಥರ ಇದೆಯಲ್ಲೋ! ಆಂಟಿ, ನೋಡಿದ್ರಾ?"

"ನಾನೇ ಕುಂಕುಮ ಇಟ್ಟಿದೀನಿ ಕಣಪ್ಪ. ನಿಂಗೆ ಒಳ್ಳೇದಾಗುತ್ತೆ."

ಅವನು ಬಗ್ಗಿ ಅಮ್ಮನ ಕಾಲು ಮುಟ್ಟಿದ. ಆಮೇಲೆ ಜೇಬಿನಿಂದ ಪೆನ್‌ಡ್ರೈವ್ ತೆಗೆದ.

"ಗೇಮ್ ತಂದಿದೀನಿ. ಹಾಕಿ ನೋಡೋಣ್ವಾ?"

ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟುವ ಕಂಠ ನನ್ನದು. ಮೂರಡಿ ದೂರದಲ್ಲಿ ನಿಂತವನಿಗೆ ಅದು ಕೇಳಿಸಲಿಲ್ಲ. ಪಿನ್ ಬಾಗಿವೆ, ಬೋರ್ಡ್ ಹಾಳಾಯಿತು ಎಂದು ಎರಡನೇ ಸಲ ಹೇಳಬೇಕಾಯಿತು.

ಅಮ್ಮ ತಟ್ಟನೆ ಕೇಳಿದಳು, "ನನ್ನ ಬೆರಳಿಂದ ಹಾಳಾಯ್ತೇನೋ?"

"ಇಲ್ಲಮ್ಮ. ನಾನು ಒರೆಸಿದ್ರಿಂದ."

ನಂಬಲಿಲ್ಲ ಅವಳು. ಕೈಯನ್ನು ಸೆರಗಿನೊಳಗೆ ಮರೆಮಾಡಿಕೊಂಡು ಒಳಗೆ ಹೋದಳು.

"ಬೈಯೋ ಮಗಾ. ಎರಡು ಬಿಡು ಕೆನ್ನೆಗೆ," ಎಂದೆ.

"ಹೊಡೆದ್ರೆ ಪಿನ್ ನೆಟ್ಟಗಾಗುತ್ತಾ?" ಎಂದ. ಪೆನ್‌ಡ್ರೈವನ್ನು ಮತ್ತೆ ಜೇಬಿಗೆ ಹಾಕಿಕೊಂಡು, "ಮೊದಲು ಆ ಲೈಟ್ ಆಫ್ ಮಾಡೋ, ನೋಡಕ್ಕಾಗ್ತಿಲ್ಲ," ಎಂದ.

ಅದೂ ಆಗದು. ಬಣ್ಣ ಬದಲಿಸಲು, ಆರಿಸಲು, ಮೊದಲು ಕಂಪ್ಯೂಟರ್ ಶುರುವಾಗಬೇಕು. ಗೋಡೆಯ ಪ್ಲಗ್ಗನ್ನೇ ಕಿತ್ತೆ.

ಚೇತನ ಕಾಫಿಯನ್ನೂ ಕುಡಿಯದೆ ಹೊರಟ. ಅಮ್ಮ ಇವತ್ತು ದೇವರಿಗೂ ಕುಂಕುಮ ಇಟ್ಟಿಲ್ಲ, ಬರೀ ಹೂವು ಏರಿಸಿದ್ದಾಳೆ.

ಬಾಗಿದ ಪಿನ್‌ಗಳನ್ನು ನೆಟ್ಟಗೆ ಮಾಡುವವರು ಜಯನಗರ, ಬನಶಂಕರಿ, ಜೆ.ಪಿ. ನಗರ ಎಲ್ಲಾದರೂ ಇದ್ದಾರೆಯೇ? ಸಮಾಧಾನಕ್ಕೆ ಸುಳ್ಳು ಹೇಳಬೇಡಿ. ಆಗುವುದೇ ಇಲ್ಲ ಎಂದಾದರೆ ಅದನ್ನೇ ಹೇಳಿ, ಶುಕ್ರವಾರದವರೆಗೆ ಅವನನ್ನು ಕಾಯಿಸುವುದು ಬೇಡ.