ಸ್ವಿಚ್ಚುಗಳ ವೇಳೆ ಕಾಯುವ ದುರ್ಗಾಂಬಿಕಾ

ಬೆಳಗಿನ ಐದೂ ಮುಕ್ಕಾಲು. ಚನ್ನಗಿರಿಯ ಹೊಸ ಬಡಾವಣೆಯ ಮನೆಯೊಂದರ ಬಚ್ಚಲಿನ ಮುಂದೆ ದುರ್ಗಾಂಬಿಕಾ ಟಾರ್ಚ್ ಹಿಡಿದು ನಿಂತಿದ್ದಾರೆ. ಪಕ್ಕದಲ್ಲಿ ಮನೆಯೊಡತಿ ಸಂಧ್ಯಾರಾಣಿ, ಶಾಲಾ ಶಿಕ್ಷಕಿ, ತಲೆಗೆ ಎಣ್ಣೆ ಹಚ್ಚಿಕೊಂಡು ಚಳಿಯಲ್ಲಿ ಕೈ ಕಟ್ಟಿಕೊಂಡಿದ್ದಾರೆ. "ಐದಕ್ಕೆ ಸರಿಯಾಗಿ ಗೀಸರ್ ತಾನೇ ಆನ್ ಆಗಬೇಕಿತ್ತು ರೀ. ಫೋನಿನಾಗೆ ಏನೋ ಬೂದಿ ಬಣ್ಣ ತೋರಿಸ್ತೈತೆ. ನೀರು ಮುಟ್ಟಿದ್ರೆ ಐಸು!"

ದುರ್ಗಾಂಬಿಕಾ ಫೋನು ನೋಡುವುದೇ ಇಲ್ಲ. ನೇರವಾಗಿ ಬಾಗಿಲ ಹಿಂದಿನ ಗೋಡೆಗೆ ಟಾರ್ಚ್ ಬಿಡುತ್ತಾರೆ. ಅಲ್ಲಿರುವ ಹಳೆಯ ಸ್ವಿಚ್ಚು ಆಫ್ ಆಗಿದೆ. "ಮಲಗುವಾಗ ಯಾರು ಆರಿಸಿದ್ರಿ?" ಎಂದು ಕೇಳಿದರೆ ಶಿಕ್ಷಕಿ ನಾಲಿಗೆ ಕಚ್ಚಿಕೊಳ್ಳುತ್ತಾರೆ. "ಕೈ ತಾನಾಗೇ ಹೋಯ್ತು ಅಕ್ಕಾ."

ಹೊರಗೆ ಹೊರಡುವಾಗ, ಮಲಗುವಾಗ ಕಂಡ ಸ್ವಿಚ್ಚನ್ನೆಲ್ಲ ಆರಿಸುವುದು ನಮ್ಮ ಕಡೆಯ ಹೆಂಗಸರ ರಕ್ತದಲ್ಲೇ ಇದೆ. ತಾಯಿ ಬೈದು ಕಲಿಸಿದ ಪಾಠ ಅದು. ಆದರೆ ಗೋಡೆಯ ಸ್ವಿಚ್ಚು ಆರಿಸಿದರೆ ಅದರ ಹಿಂದೆ ಕೂರಿಸಿದ, ಫೋನಿನ ಮಾತು ಕೇಳುವ ಜಾಣ (ಸ್ಮಾರ್ಟ್) ಸ್ವಿಚ್ಚಿಗೆ ಕರೆಂಟೇ ಇರುವುದಿಲ್ಲ, ಐದಕ್ಕೆ ಏಳುವುದಾದರೂ ಹೇಗೆ? ದುರ್ಗಾಂಬಿಕಾ ಚೀಲದಿಂದ ಕೆಂಪು ಬಿಂದಿಯ ಹಾಳೆ ತೆಗೆದು, ಒಂದನ್ನು ಕಿತ್ತು ಆ ಸ್ವಿಚ್ಚಿನ ಮೇಲೆ ಅಂಟಿಸುತ್ತಾರೆ. "ಹಣೆಗೆ ಬೊಟ್ಟು ಇಟ್ಟಿರೋದನ್ನ ಮುಟ್ಟಬ್ಯಾಡ್ರಿ." ಎಚ್ಚರಿಕೆಯ ಚೀಟಿ ಅಂಟಿಸಿ ನೋಡಿದ್ದರಂತೆ, ಯಾರೂ ಓದಲಿಲ್ಲ. ಬೊಟ್ಟು ಇಟ್ಟ ಮೇಲೆ ಕೈಗಳು ಹಿಂದೆ ಸರಿದಿವೆ.

ನಲವತ್ತೊಂದು ವರ್ಷದ ದುರ್ಗಾಂಬಿಕಾ ಕೆರೆಬಿಳಚಿಯವರು. ಅಪ್ಪನದು ಮೋಟರು ವೈಂಡಿಂಗ್ ಅಂಗಡಿ. ಶಾಲೆಯಿಂದ ಬಂದವರೇ ತಾಮ್ರದ ತಂತಿ ಸುತ್ತಲು ಕೂರುತ್ತಿದ್ದ ಹುಡುಗಿ, ಮುಂದೆ ಐಟಿಐ ಮುಗಿಸಿದರು. ತರಗತಿಯಲ್ಲಿ ಒಬ್ಬರೇ ಹುಡುಗಿ. ಗಂಡ ಶರಣು ಗೂಡ್ಸ್ ಆಟೋ ಓಡಿಸುತ್ತಾರೆ. ಮೊದಮೊದಲು ಯಾರ ಮನೆಗೆ ಹೋದರೂ ಜನ ಇವರ ಬೆನ್ನ ಹಿಂದೆ ಇಣುಕುತ್ತಿದ್ದರು. "'ಎಲೆಕ್ಟ್ರಿಷಿಯನ್ ಎಲ್ಲಿ?' ಅನ್ನೋರು. 'ಬಂದೀನಲ್ರೀ' ಅಂದ್ರೆ ನಗೋರು. ಈಗ ಐದು ಗಂಟೆಗೇ ಫೋನ್ ಮಾಡ್ತಾರೆ, ನಗು ಗಿಗು ಏನೂ ಇಲ್ಲ."

ಹೊಸ ಮನೆ ಕಟ್ಟಿದವರು ಆನ್‌ಲೈನಿನಲ್ಲಿ ಜಾಣ ಸ್ವಿಚ್ಚು ತರಿಸುತ್ತಾರೆ. ಗೇಟಿನ ದೀಪ, ಬೋರಿನ ಮೋಟರು, ಗೀಸರ್ ಎಲ್ಲಕ್ಕೂ ಆನ್, ಆಫ್ ಆಗುವ ವೇಳೆ ಹೊಂದಿಸಿಕೊಳ್ಳುತ್ತಾರೆ. ಹೊಂದಿಸಿಕೊಟ್ಟವನು ಮತ್ತೆ ಊರ ಕಡೆ ತಲೆ ಹಾಕುವುದಿಲ್ಲ. ಈಗ ದುರ್ಗಾಂಬಿಕಾ ನೋಡಿಕೊಳ್ಳುವ ಮನೆಗಳು ನೂರಾ ಅರವತ್ಮೂರು. ದಿನಕ್ಕೆ ಎಂಟೋ ಹತ್ತೋ ಕರೆ, ಮೊಪೆಡ್ಡಿನ ಮೇಲೆ ಎಪ್ಪತ್ತು ಕಿಲೋಮೀಟರು. ಬುಧವಾರ ಹೊನ್ನಾಳಿ, ನ್ಯಾಮತಿ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಜಗಳೂರು. "ಹತ್ತು ಕರೆಯಾಗೆ ಆರು ಗೋಡೆ ಸ್ವಿಚ್ಚಿಂದು, ಎರಡು ಕರೆಂಟು ಹೋಗಿ ಬಂದಿದ್ದು. ಇನ್ನೆರಡು ಯಾಕೆ ಕೆಟ್ವು ಅಂತ ನನಗೂ ಗೊತ್ತಾಗಲ್ಲ. ಸುಳ್ಳು ಹೇಳಾಕೆ ಹೋಗಲ್ಲ."

ಕರೆಂಟಿನ ಕಥೆಯನ್ನು ಅವರು ಹೀಗೆ ಬಿಡಿಸಿ ಹೇಳುತ್ತಾರೆ. ಈ ಸ್ವಿಚ್ಚುಗಳಿಗೆ ಸ್ವಂತ ಗಡಿಯಾರ ಇಲ್ಲ, ವೈಫೈ ಡಬ್ಬಿಯನ್ನು ಕೇಳಿ ವೇಳೆ ತಿಳಿದುಕೊಳ್ಳುತ್ತವೆ. ಕರೆಂಟು ಹೋಗಿ ಬಂದಾಗ ಡಬ್ಬಿ ಏಳದಿದ್ದರೆ ಸ್ವಿಚ್ಚಿಗೆ ಗಂಟೆ ಎಷ್ಟೆಂದೇ ತಿಳಿಯದು. "ಮಧ್ಯಾಹ್ನ ಮಲಗಿ ಎದ್ದೋರು ಬೆಳಗೋ ಸಂಜೆಯೋ ಗೊತ್ತಾಗದೆ ಕೂತಿರ್ತಾರಲ್ಲ, ಹಂಗೆ ಕೂತಿರ್ತೈತೆ."

ಇಷ್ಟು ಹೇಳಿ ಅವರು ನಗುವುದಿಲ್ಲ. ಅದಕ್ಕೆ ಕಾರಣ ತ್ಯಾವಣಿಗೆಯಲ್ಲಿದೆ.

ತ್ಯಾವಣಿಗೆಯ ರೇವಣ್ಣ ನಾಲ್ಕು ವರ್ಷದ ಕೆಳಗೆ ಅಡಿಕೆ ಗೊನೆ ಕೀಳುವಾಗ ಮರದಿಂದ ಬಿದ್ದವರು. ಕೈ ಆಡುತ್ತವೆ, ಆದರೆ ಎದೆಯಿಂದ ಕೆಳಗೆ ಸ್ಪರ್ಶವೇ ಇಲ್ಲ. ಎರಡು ಗಂಟೆಗೊಮ್ಮೆ ಯಾರಾದರೂ ಮಗ್ಗುಲು ಬದಲಿಸದಿದ್ದರೆ ಮೈ ಹುಣ್ಣಾಗುತ್ತದೆ, ಆಗುತ್ತಿರುವುದು ಅವರಿಗೆ ತಿಳಿಯುವುದೂ ಇಲ್ಲ. ಹೆಂಡತಿ ಬಂಗಾರಮ್ಮ ನಾಲ್ಕು ಮನೆ ಆಚೆ, ಹಾಲಸ್ವಾಮಿಯವರ ಶೆಡ್ಡಿನಲ್ಲಿ ಅಡಿಕೆ ಸುಲಿಯುತ್ತಾರೆ. ಸುಲಿಯುವ ಯಂತ್ರದ ಸದ್ದಿನಲ್ಲಿ ಫೋನು ಕೇಳುವುದಿಲ್ಲ. ಕೇಳಿಸಿದರೂ ರೇವಣ್ಣ ಕರೆಯುವವರಲ್ಲ. ದುಡಿಯುತ್ತಿರುವ ಹೆಂಡತಿಯನ್ನು ಎಬ್ಬಿಸಿ ಕರೆಯಲು ಅವರಿಗೆ ನಾಚಿಕೆ.

ಹಾಲಸ್ವಾಮಿಯವರ ಮನೆಗೆ ಜಾಣ ಸ್ವಿಚ್ಚು ಕೂರಿಸಲು ಬಂದಿದ್ದ ದುರ್ಗಾಂಬಿಕಾರನ್ನು ಬಂಗಾರಮ್ಮ ಕೇಳಿದ್ದು ಇಷ್ಟೇ: "ಇದರಾಗೆ ನಂಗೊಂದು ಬೆಲ್ ಆಗೋ ಹಂಗೆ ಮಾಡಾಕೆ ಬರ್ತೈತೇನವ್ವ?" ಮಾಡಿಕೊಟ್ಟರು. ಎರಡು ಗಂಟೆಗೊಮ್ಮೆ ಶೆಡ್ಡಿನಲ್ಲಿ ಶಾಲೆಯ ಬೆಲ್ಲಿನಂತೆ ಜೋರಾಗಿ ಬಡಿಯುತ್ತಿತ್ತು. ಬಂಗಾರಮ್ಮ ಎದ್ದು ಮನೆಗೆ ಓಡುತ್ತಿದ್ದರು, ಉಳಿದ ಹೆಂಗಸರು ಚಹಾಕ್ಕೆ ಏಳುತ್ತಿದ್ದರು. ಒಂದು ವರ್ಷ ಯಾರೂ ಗಡಿಯಾರ ನೋಡಲಿಲ್ಲ.

ಕಳೆದ ಹಿಂಗಾರಿನಲ್ಲಿ ಒಂದು ಬೆಳಗಿನ ಜಾವ ಗುಡುಗು ಬಂತು. ಹಾಲಸ್ವಾಮಿ ಊರಲ್ಲಿರಲಿಲ್ಲ. ಅವರ ತಾಯಿ ಎಲ್ಲ ಮನೆಗಳಲ್ಲೂ ಮಾಡುವುದನ್ನೇ ಮಾಡಿದರು: ಮೇನ್ ಇಳಿಸಿ, ಟಿವಿ, ವೈಫೈ ಡಬ್ಬಿಗಳ ಪ್ಲಗ್ಗನ್ನೂ ಕಿತ್ತಿಟ್ಟರು. ಮಳೆ ನಿಂತ ಮೇಲೆ ಮೇನ್ ಎತ್ತಿದರು, ಡಬ್ಬಿಯ ಪ್ಲಗ್ಗು ಮರೆತರು. ಆರಕ್ಕೆ ಗಂಡನ ಮಗ್ಗುಲು ಬದಲಿಸಿ ಬಂದ ಬಂಗಾರಮ್ಮ ಬೆಲ್ಲಿಗಾಗಿ ಕಾದರು. ಮೋಡ ಕವಿದಿದ್ದರಿಂದ ಹೊತ್ತೂ ತಿಳಿಯಲಿಲ್ಲ. ಹಸಿವಾಗಿ ಯಾರೋ ಗಂಟೆ ಕೇಳಿದಾಗ ಹನ್ನೆರಡು ದಾಟಿತ್ತು.

ಅಷ್ಟರಲ್ಲಿ ರೇವಣ್ಣನ ಮೈಗಾದ ಹುಣ್ಣು ಮಾಯಲು ಮೂರು ತಿಂಗಳು ಹಿಡಿಯಿತು. ದುರ್ಗಾಂಬಿಕಾ ಆಸ್ಪತ್ರೆಗೆ ಹೋಗಿ ಮಂಚದ ಪಕ್ಕ ನಿಂತು ಅತ್ತರು. ಯಾರೂ ಅವರನ್ನು ಬೈಯಲಿಲ್ಲ. "ಬೈದಿದ್ರೆ ಚಲೋ ಇತ್ತು ರೀ. ಕರೆಂಟು ತಾನಾಗಿ ಹೋಗೋದನ್ನ ಪರೀಕ್ಷೆ ಮಾಡಿದ್ದೆ. ಗುಡುಗಿಗೆ ನಮ್ಮಮ್ಮನೂ ಪ್ಲಗ್ ಕೀಳ್ತಾಳೆ, ನಾನೂ ಕೀಳ್ತೀನಿ. ಅದೇ ತಲೆಗೆ ಹೊಳೀಲಿಲ್ಲ. ನಂದೇ ತಪ್ಪು."

ಅಂದಿನಿಂದ ಯಾವ ಮನೆಗೆ ಕೆಲಸಕ್ಕೆ ಹೋದರೂ ಕೊನೆಯಲ್ಲಿ ಒಂದು ಸುಳ್ಳು ಗುಡುಗು. ಮನೆಯ ಹಿರಿಯ ಹೆಂಗಸನ್ನು ಕರೆದು, "ಈಗ ಗುಡುಗಿತು ಅಂದ್ಕಳ್ರಿ, ಏನೇನು ಕೀಳ್ತೀರಿ?" ಎನ್ನುತ್ತಾರೆ. ಅಜ್ಜಿಯರು ಉತ್ಸಾಹದಿಂದ ಕೀಳುತ್ತಾರೆ. ಅರ್ಧ ಗಂಟೆ ಕೂತು, ಅವರ ಕೈಯಿಂದಲೇ ಮತ್ತೆ ಹಾಕಿಸಿ, ಯಾವುದು ಎದ್ದಿತು, ಯಾವುದು ಏಳಲಿಲ್ಲ ಎಂದು ನೋಡುತ್ತಾರೆ. ಆ ಅರ್ಧ ಗಂಟೆಗೆ ಯಾರೂ ಕೂಲಿ ಕೊಡುವುದಿಲ್ಲ, ಅವರು ಕೇಳುವುದೂ ಇಲ್ಲ.

ಶೆಡ್ಡಿನ ಆ ಬೆಲ್ಲನ್ನು ಕಿತ್ತುಹಾಕುತ್ತೇನೆಂದು ಹೋದಾಗ ಬಂಗಾರಮ್ಮ ಬಿಡಲಿಲ್ಲ. "ಕೀಳಬ್ಯಾಡವ್ವ. ಇವ್ರು ಬಾಯಿ ಬಿಟ್ಟು ಕರಿಯಲ್ಲ. ಅದಾದ್ರೂ ಕರೀಲಿ." ಹಾಗಾಗಿ ಬೆಲ್ ಉಳಿಯಿತು. ಜೊತೆಗೆ ದುರ್ಗಾಂಬಿಕಾ ನಾಲ್ಕೂ ಮನೆಗಳ ಸೂರಿನ ಕೆಳಗೆ ನೇರ ತಂತಿ ಎಳೆದು, ಬ್ಯಾಟರಿಯ ಇನ್ನೊಂದು ಬೆಲ್ಲನ್ನು ಶೆಡ್ಡಿನಲ್ಲಿ ಹಾಕಿದರು. ಅದರ ಗುಂಡಿ ರೇವಣ್ಣನ ಮಂಚಕ್ಕೆ, ಕೈಗೆಟಕುವಲ್ಲಿ ಇದೆ. ಅದಕ್ಕೆ ವೈಫೈ ಬೇಡ, ವೇಳೆಯೂ ಬೇಡ. ಒತ್ತುವ ಮನಸ್ಸೊಂದು ಬೇಕು. ಮಂಚದ ಎದುರಿಗೆ ದೊಡ್ಡದೊಂದು ಗಡಿಯಾರವನ್ನೂ ತೂಗುಹಾಕಿದರು. ಆಮೇಲೆ ವಾರಕ್ಕೆರಡು ಸಲ ಹೋಗಿ ನೋಡುತ್ತಲೇ ಬಂದಿದ್ದಾರೆ. ಗುಂಡಿಯ ಮೇಲೆ ಪ್ರತಿ ಸಲವೂ ಧೂಳು.

ಚನ್ನಗಿರಿಯಿಂದ ನಾವು ತ್ಯಾವಣಿಗೆ ತಲುಪುವಾಗ ಎಂಟೂವರೆ. ರೇವಣ್ಣ ಬಾಗಿಲ ಕಡೆ ಮಗ್ಗುಲಾಗಿ ಮಲಗಿದ್ದಾರೆ, ಕ್ಷೌರ ಮಾಡಿದ ಮುಖ. ದುರ್ಗಾಂಬಿಕಾ ಶೆಡ್ಡಿನ ಬೆಲ್ ನೋಡಿ ಬಂದು, ಮಾತಾಡುತ್ತಲೇ ಮಂಚದ ಗುಂಡಿಯ ಮೇಲೆ ಬೆರಳಾಡಿಸುತ್ತಾರೆ. ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಧೂಳಿಲ್ಲ.

"ಒತ್ತಿದ್ರಾ?"

ರೇವಣ್ಣ ಗೋಡೆಯ ಕಡೆ ನೋಡುತ್ತಾರೆ. "ಮೂರು ಸಲ. ಎರಡು ಸಲ ಆ ನಿಮ್ಮ ಬೆಲ್ಲು ಆಗಿರಲಿಲ್ಲ, ಹೊತ್ತು ಮೀರಿತ್ತು."

"ಇನ್ನೊಂದು ಸಲ?"

"ಹೊತ್ತೇನೂ ಆಗಿರಲಿಲ್ಲ. ಒಬ್ನೇ ಇದ್ದು ಬೇಜಾರಾಗಿತ್ತು. ಸುಮ್ನೆ ಒತ್ತಿದೆ. ಬಂದ್ಲು."

ದುರ್ಗಾಂಬಿಕಾ ಕೆಳಗೆ ಕೂತು ಚೀಲದಲ್ಲಿ ಬಹಳ ಹೊತ್ತು ಏನನ್ನೋ ಹುಡುಕುತ್ತಾರೆ. ತಲೆ ಎತ್ತಿದಾಗ ಕಣ್ಣು ಒದ್ದೆ, ಮುಖದ ತುಂಬ ನಗು.

"ಹಂಗಾದ್ರೆ ದೊಡ್ಡ ಬ್ಯಾಟರಿ ಹಾಕ್ತೀನಿ ರೀ," ಎನ್ನುತ್ತಾರೆ. "ಈ ಸಣ್ಣದು ಸಾಲಾಕಿಲ್ಲ."