ಬದಲಿಸದ ಅಲಗು

ಆಸ್ಪತ್ರೆಯ ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಮೇಣದಕ್ಕ ಇಪ್ಪತ್ತಾರು ವರ್ಷಗಳಿಂದ ಒಂದೇ ಕೆಲಸ ಮಾಡುತ್ತ ಬಂದಿದ್ದಳು. ರೋಗಿಯ ಮೈಯಿಂದ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ, ಆ ಅಚ್ಚನ್ನು ಯಂತ್ರಕ್ಕೆ ಸಿಕ್ಕಿಸಿ, ಹಿಡಿ ತಿರುಗಿಸುತ್ತ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ಯುವುದು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಎರಡು ವರ್ಷದಿಂದ ಬಲ ಭುಜ ಹಿಡಿದುಕೊಂಡಿತ್ತು. ತಲೆ ಬಾಚಲೂ ಎಡಗೈಯೇ ಗತಿ. ಕೇಳಿ ಕೇಳಿ ಸಾಕಾದ ಮೇಲೆ ಕೊನೆಗೂ ಒಂದು ತಿಂಗಳ ರಜೆ ಸಿಕ್ಕಿತ್ತು. ಸೋಮವಾರದಿಂದ.

ಶುಕ್ರವಾರ ಮಧ್ಯಾಹ್ನ ಮೇಲಿನ ಮಹಡಿಯ ಸಂಶೋಧಕಿ ಡಿಎನ್‌ಎ ಪರೀಕ್ಷೆಯ ಗೆರೆಗಳಿದ್ದ ಒಂದು ಚಿತ್ರ ಹಿಡಿದು ಇಳಿದು ಬಂದಳು. ಇಪ್ಪತ್ತು ರೋಗಿಗಳ ಕ್ಯಾನ್ಸರ್ ಗೆಡ್ಡೆಯನ್ನೂ ಅದರ ಪಕ್ಕದ ಆರೋಗ್ಯದ ಭಾಗವನ್ನೂ ಅವಳಿಗಾಗಿ ಕೊಯ್ದುಕೊಟ್ಟವಳು ಮೇಣದಕ್ಕನೇ.

"ಜೀವಕೋಶಕ್ಕೆ ಶಕ್ತಿ ತಯಾರಿಸಿ ಕೊಡೋ ಮೈಟೊಕಾಂಡ್ರಿಯ ಅಂತ ಹೇಳಿದ್ನಲ್ಲ ಅಕ್ಕಾ, ಅದಕ್ಕೆ ಅದರದ್ದೇ ಡಿಎನ್‌ಎ ಇದೆ. ಉಂಗುರದ ಥರ. ಕೆಲವು ಸಲ ಅದರಲ್ಲಿ ಒಂದು ತುಂಡೇ ಬಿದ್ದುಹೋಗಿರುತ್ತೆ. ಈ ಕೆಳಗಿನ ಗೆರೆ ಅಂಥ ಉಂಗುರದ್ದು."

"ನನ್ನ ಭುಜದ ಹಾಗೆ ಅನ್ನಿ. ಇದೆ, ಆದ್ರೆ ಪೂರ್ತಿ ಇಲ್ಲ."

ಸಂಶೋಧಕಿ ನಗಲಿಲ್ಲ. "ಗೆರೆ ಗೆಡ್ಡೆಯಲ್ಲಿ ಮಾತ್ರ ಬಂದಿದ್ರೆ, ಕ್ಯಾನ್ಸರ್‌ಗೂ ಇದಕ್ಕೂ ನಂಟಿರಬಹುದು ಅನ್ಕೋಬಹುದಿತ್ತು. ನಾಲ್ಕು ಜನರಲ್ಲಿ ಪಕ್ಕದ ಒಳ್ಳೆ ಭಾಗದಲ್ಲೂ ಬಂದುಬಿಟ್ಟಿದೆ. ಬರೀ ವಯಸ್ಸಿಂದ ಆಗಿದ್ದೇನೋ. ಹಾಗಂತ ಬರೆದು ಮುಗಿಸ್ತೀನಿ."

ಮೇಣದಕ್ಕ ಯಂತ್ರದ ಅಲಗಿನ ಕಡೆ ನೋಡಿದಳು. ಗೆಡ್ಡೆ ಕೊಯ್ದ ಮೇಲೆ ಅಲಗು ಬದಲಿಸಿಯೇ ಪಕ್ಕದ ಭಾಗಕ್ಕೆ ಕೈಹಾಕಬೇಕು. ಹಿಂದಿನ ತಿಂಗಳು ಒಂದು ದಿನ, ಅಲಗಿನ ತಿರುಪು ಬಿಚ್ಚಲು ಭುಜ ಏಳದೆ, ಅವಳು ಅಲಗನ್ನು ಬರೀ ಒರೆಸಿ ಮುಂದುವರಿಸಿದ್ದಳು. ಯಾರ ಅಚ್ಚುಗಳು, ಎಷ್ಟು ಅಚ್ಚುಗಳು, ನೆನಪಿರಲಿಲ್ಲ. ಸುಮ್ಮನಿದ್ದರೆ ಸೋಮವಾರ ಮನೆ. ಬಾಯಿಬಿಟ್ಟರೆ ನಲವತ್ತು ಅಚ್ಚನ್ನೂ ಮತ್ತೆ ಕೊಯ್ಯಬೇಕು, ಅದೂ ಇದೇ ಕೈಯಿಂದ.

ಸಂಶೋಧಕಿ ಬಾಗಿಲ ತನಕ ಹೋಗಿದ್ದಳು.

"ಡಾಕ್ಟರಮ್ಮ, ನಿಲ್ಲಿ. ಗೆಡ್ಡೆಯ ಕಣ ಅಲಗಿಗೆ ಅಂಟಿ ಬಂದಿದ್ರೆ ಗೆರೆ ಬೀಳುತ್ತಾ?"

"ಕಣ್ಣಿಗೆ ಕಾಣದಷ್ಟು ಅಂಟಿದ್ರೂ ಸಾಕು. ನಮ್ಮ ಯಂತ್ರ ಅದನ್ನೇ ಲಕ್ಷಪಟ್ಟು ಮಾಡಿ ತೋರಿಸುತ್ತೆ. ಯಾಕೆ?"

ಮೇಣದಕ್ಕ ಹೇಳಿದಳು. ಸಂಶೋಧಕಿ ಬೈಯಲಿಲ್ಲ, ಸ್ಟೂಲಿನ ಮೇಲೆ ಕೂತುಬಿಟ್ಟಳು. ಬೈದಿದ್ದರೇ ವಾಸಿಯಿತ್ತು.

"ರಜೆ ಹೋಯ್ತು," ಎಂದಳು ಮೇಣದಕ್ಕ ಸಂಜೆ ಮನೆಯಲ್ಲಿ ಗಂಡನಿಗೆ.

ಬಸ್ ಓಡಿಸಿ ನಿವೃತ್ತನಾದ ಮನುಷ್ಯ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಯಾರೂ ಕೇಳದೆ ನೀನೇ ಹೇಳ್ದೆಯಾ? ನಿನ್ನ ಬಾಯಿಗೆ ಬ್ರೇಕೇ ಇಲ್ಲ ಕಣೇ." ಸ್ವಲ್ಪ ಹೊತ್ತಿಗೆ ಎದ್ದು ಬಿಸಿನೀರಿನ ಚೀಲ ತಂದು ಅವಳ ಭುಜದ ಮೇಲಿಟ್ಟ.

ದಿನಕ್ಕೆ ಮೂರು ಅಚ್ಚು. ಪ್ರತಿ ಅಚ್ಚಿಗೂ ಹೊಸ ಅಲಗು. ತಿರುಪು ಬಿಚ್ಚುವಾಗಲೆಲ್ಲ ಹಲ್ಲು ಕಚ್ಚಿದಳು. ಮೂರನೆಯ ವಾರದ ಕೊನೆಗೆ ಎಲ್ಲ ಮುಗಿದಾಗ ಅವಳಿಗೆ ಖುಷಿಯೂ ಆಗಲಿಲ್ಲ, ಅಷ್ಟು ದಣಿದಿದ್ದಳು.

ಹೊಸ ಚಿತ್ರ ಬಂದ ದಿನ ಸಂಶೋಧಕಿ ಬೆರಳಿಟ್ಟು ತೋರಿಸಿದಳು. ನಾಲ್ವರಲ್ಲಿ ಇಬ್ಬರ ಗೆರೆ ಅಳಿದಿತ್ತು. ಇನ್ನಿಬ್ಬರದು ಹಾಗೇ ಇತ್ತು.

"ಆ ಉಳಿದ ಎರಡೂ ನನ್ನ ತಪ್ಪಾ?"

"ಅಲ್ಲ ಅಕ್ಕಾ. ಅಳಿದವು ಅಲಗಿಗೆ ಅಂಟಿ ಬಂದದ್ದು, ಇವು ಅವರ ಮೈಯಲ್ಲೇ ಇದ್ದದ್ದು."

"ಹಾಗಾದ್ರೆ ನಂಟು ಇದೆಯೋ, ಇಲ್ವೋ?"

"ಗೆಡ್ಡೆಯಲ್ಲಿ ಜಾಸ್ತಿ ಇರೋ ಹಾಗಿದೆ. ಅದೇ ಕಾರಣ ಅಂತ ಹೇಳೋಕಾಗಲ್ಲ. ಇನ್ನೂ ಗೊತ್ತಿಲ್ಲ ಅಂತಲೇ ಬರೀಬೇಕು."

"ಆಗ ತಪ್ಪಾಗಿ ಗೊತ್ತಿತ್ತು. ಮೂರು ವಾರ ಕೊಯ್ದು, ಈಗ ಸರಿಯಾಗಿ ಗೊತ್ತಿಲ್ಲ ಅನ್ನಿ."

ಈ ಸಲ ಸಂಶೋಧಕಿ ನಕ್ಕಳು. ಮೇಣದಕ್ಕ ಬಿಳಿ ಕೋಟು ಬಿಚ್ಚಲು ಹೋದಳು. ಕೈ ಎದೆಮಟ್ಟಕ್ಕೂ ಏಳಲಿಲ್ಲ. ಸಂಶೋಧಕಿ ಹಿಂದೆ ಬಂದು ನಿಂತು, "ಸಡಿಲ ಬಿಡಿ ಅಕ್ಕಾ," ಎಂದು ಕೋಟಿನ ತೋಳನ್ನು ಮೆಲ್ಲಗೆ ಎಳೆದಳು.